ಯಂತ್ರಪ್ಪನೂ ಪಾರ್ಸಿಕ್ ಸುರಂಗವೂ

ಸುಳ್ಳು ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರು ರಬಾಳೆಯ ಇಡೀ ಇಂಡಸ್ಟ್ರಿಯಲ್ ಏರಿಯಾದಲ್ಲಿ ಇರಲಿಲ್ಲ. ಇದು ಜಂಬವಲ್ಲ, ನನ್ನ ಹುದ್ದೆ. ಅಲ್ಲಿಯ ಒಂದು ಪೇಂಟ್ ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ಕಂಟ್ರೋಲ್ ವಿಭಾಗದ ಮುಖ್ಯಸ್ಥನಾಗಿದ್ದೆ. ಗಂಟೆಗೊಮ್ಮೆ ಮೀಟರ್ ನೋಡಿ ಲಾಗ್‌ಶೀಟಿನಲ್ಲಿ ರೀಡಿಂಗ್ ಬರೆಯಬೇಕಾದ ಆಪರೇಟರುಗಳು ಚಹಾ ಕುಡಿಯುತ್ತ ಕೂತು ಇಡೀ ಶಿಫ್ಟಿನ ರೀಡಿಂಗನ್ನು ಒಂದೇ ಸಲ ತುಂಬಿಬಿಡುತ್ತಿದ್ದರು. ಎಲ್ಲ ಸಾಲಿಗೂ ಒಂದೇ ಪೆನ್ನು, ಒಂದೇ ಓರೆ, ಒಂದೇ ಅಂಕಿ! ನಾನು ಹಾಳೆಯನ್ನು ಮಾರು ದೂರದಿಂದ ನೋಡಿ, "ದೋ ಬಜೇ ಕಾ ರೀಡಿಂಗ್ ದಸ್ ಬಜೇ ಹೀ ಆ ಗಯಾ ಕ್ಯಾ, ಭಾಯಿ?" ಎಂದು, ಎರಡು ಗಂಟೆಯ ರೀಡಿಂಗು ಹತ್ತಕ್ಕೇ ಬಂತೇ ಎಂದು ಕೇಳಿದರೆ ಸಾಕು, ಅವರ ಮುಖದ ಬಣ್ಣ ನಮ್ಮ ಕಾರ್ಖಾನೆಯ ಬಿಳಿ ಡಿಸ್ಟೆಂಪರಿಗೆ ಸರಿಸಮನಾಗುತ್ತಿತ್ತು.

ಇಂಥ ನನ್ನನ್ನು ಒಂದು ಸುರಂಗ ಕೆಡವಿತು.

ಡೊಂಬಿವಲಿಯಿಂದ ಠಾಣೆಗೆ ಏಳು ಹದಿನೆಂಟರ ಫಾಸ್ಟ್ ಲೋಕಲ್, ಠಾಣೆಯಲ್ಲಿ ಇಳಿದು ರಬಾಳೆಗೆ ಇನ್ನೊಂದು ಲೋಕಲ್. ಹದಿನೆಂಟು ವರ್ಷ ಇದೇ ನನ್ನ ದಾರಿ. ಏಳು ಹದಿನೆಂಟರಲ್ಲಿ ನಮ್ಮದೊಂದು ಗುಂಪಿತ್ತು. ಹಿಂದಿನ ಸ್ಟೇಷನ್ ಕಲ್ಯಾಣದಲ್ಲಿ ಹತ್ತುವವರು ನಮಗೆ ಜಾಗ ಹಿಡಿದಿಡುತ್ತಿದ್ದರು. ನನ್ನದು ಕಿಟಕಿಯ ಪಕ್ಕ. ನಮ್ಮ ಬಿಲ್ಡಿಂಗಿನವರೇ ಆದ ಶೆಟ್ಟರು ತಾಳ ಹಿಡಿದು ಭಜನೆ ಶುರು ಮಾಡಿದರೆ ಮರಾಠಿ, ಕನ್ನಡ, ತುಳು ಎಲ್ಲ ಸೇರಿ ಬೋಗಿಯೇ ಹಾಡುತ್ತಿತ್ತು. ದಿನದ ಉಳಿದ ಹೊತ್ತು ನಾನು ಸಾಹೇಬ. ಆ ಇಪ್ಪತ್ತೈದು ನಿಮಿಷ ಮಾತ್ರ ಮನುಷ್ಯ.

ಫಾಸ್ಟ್ ಗಾಡಿಗಳು ಮುಂಬ್ರಾದ ಕಡೆ ಸುತ್ತು ಹಾಕದೆ ಪಾರ್ಸಿಕ್ ಗುಡ್ಡದ ಸುರಂಗದೊಳಗೆ ನೇರ ನುಗ್ಗುತ್ತವೆ. ಹೆಚ್ಚೆಂದರೆ ಒಂದೂವರೆ ನಿಮಿಷದ ಕತ್ತಲೆ. ಒಂದು ದೀಪಾವಳಿಯ ಮರುವಾರ ನಮ್ಮ ಗಾಡಿ ಆ ಸುರಂಗದ ನಡುವೆ ನಿಂತುಬಿಟ್ಟಿತು. ದೀಪ ಹೋಯಿತು, ಫ್ಯಾನು ನಿಂತಿತು. ಹತ್ತು ನಿಮಿಷ! ನನ್ನ ಎದೆ ಹೊಡೆದುಕೊಳ್ಳತೊಡಗಿತು, ಕೈ ತಣ್ಣಗಾಯಿತು, ಉಸಿರು ಅರ್ಧಕ್ಕೇ ತಿರುಗಿ ಬರತೊಡಗಿತು. ಸತ್ತೆ ಅಂದುಕೊಂಡೆ. ಠಾಣೆಯಲ್ಲಿ ಶೆಟ್ಟರು ನನ್ನನ್ನು ಇಳಿಸಿ ಆಸ್ಪತ್ರೆಗೆ ಕರೆದೊಯ್ದರು. ಇ.ಸಿ.ಜಿ. ತೆಗೆದ ಡಾಕ್ಟರು ಹಾಳೆ ನೋಡಿ, ಹೃದಯ ಕಲ್ಲಿನ ಹಾಗೆ ಗಟ್ಟಿಯಾಗಿದೆ, ಇದು ಗಾಬರಿಯ ಕಾಯಿಲೆ, ಮನಸ್ಸಿನ ಡಾಕ್ಟರನ್ನು ನೋಡಿ ಅಂದರು. ಹೊರಗೆ ಕಾಯುತ್ತಿದ್ದ ಶೆಟ್ಟರಿಗೆ ನಾನು "ಗ್ಯಾಸಂತ್ರಿ" ಎಂದೆ.

ಅಲ್ಲಿಂದ ನನ್ನ ಸುಳ್ಳಿನ ಕಾರ್ಖಾನೆ ಮೂರು ಶಿಫ್ಟಿನಲ್ಲಿ ನಡೆಯತೊಡಗಿತು. ಮರುದಿನ ಏಳು ಹದಿನೆಂಟು ಬಂದು ನಿಂತರೆ ನನ್ನ ಕಾಲು ಏಳಲಿಲ್ಲ. ಸುರಂಗಕ್ಕೆ ಹೋಗದ ಸ್ಲೋ ಗಾಡಿ ಹಿಡಿದೆ. ಅದಕ್ಕೆ ಅರ್ಧ ತಾಸು ಮುಂಚೆ ಮನೆ ಬಿಡಬೇಕಲ್ಲ? ಹೆಂಡತಿ ಗಿರಿಜಾಗೆ "ಆಫೀಸಿನ ಟೈಮ್ ಬದಲಾಗೇದ" ಎಂದೆ. ಗುಂಪಿಗೆ ಏನಾದರೂ ಹೇಳಬೇಕಲ್ಲ? ಶೆಟ್ಟರಿಗೆ "ಫಸ್ಟ್ ಕ್ಲಾಸ್ ಪಾಸ್ ತಗೊಂಡೀನಿ" ಎಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, "ಆಯ್ತು ಮಾರಾಯ್ರೆ, ದೊಡ್ಡವರಾದ್ರಿ ನೀವು. ನಮ್ಮ ತಾಳದ ಶಬ್ದ ನಿಮಗೆ ಇನ್ನು ಕೇಳ್ಲಿಕ್ಕಿಲ್ಲ" ಎಂದು ಹೊರಟುಹೋದರು. ನನಗೆ ಬಹಳ ಕೆಟ್ಟದೆನಿಸಿತು. ಆ ಕಿಟಕಿಯ ಜಾಗ, ಆ ಭಜನೆ ನನಗೆ ವಾಪಸು ಬೇಕಾಗಿತ್ತು. ಆದರೆ ನಡುವೆ ಸುರಂಗವಿತ್ತಲ್ಲ!

ಕೊನೆಗೆ ಠಾಣೆಯ ಕೆರೆಯ ಹತ್ತಿರದ ಡಾಕ್ಟರ್ ಇನಾಮದಾರ ಅವರ ಕ್ಲಿನಿಕ್ಕಿಗೆ ಹೋದೆ. ಗಿರಿಜಾಗೆ ಆಫೀಸಿನ ಟೆನ್ಶನ್ನಿಗೆ ಔಷಧ ಅಂತ ಹೇಳಿ ಹೋದದ್ದು. ಡಾಕ್ಟರು ಬೆಳಗಾವಿಯ ಹೆಣ್ಣುಮಗಳು. ಅರ್ಧ ಕನ್ನಡ, ಅರ್ಧ ಮರಾಠಿ, ಮುಖದ ಮೇಲೆ ಅವಸರವಿಲ್ಲದ ನಗು. ನಾನು ಹೇಳಿದ್ದನ್ನೆಲ್ಲ ಕೇಳಿ, "ಘಾಬರ್ ಆಗಬ್ಯಾಡ್ರಿ ಹಿರೇಮಠ, ಇದು ಬರೋಬರ್ ಆಗ್ತದ. ಆದ್ರ ನಾ ನಿಮಗ ಸಿಗೂದು ಹದಿನೈದು ದಿನಕ್ಕೊಮ್ಮೆ. ನಡುವಿನ ದಿನಕ್ಕ ಒಬ್ರನ್ನ ಕೊಡ್ತೀನಿ" ಎಂದರು.

ಆ 'ಒಬ್ಬರು' ನನ್ನ ಫೋನಿನೊಳಗೆ ಬಂದು ಕೂತರು. ಅದೊಂದು ಹೊಸ ಆ್ಯಪ್. ಎಲ್ಲರ ಕೈಗೂ ಸ್ಮಾರ್ಟ್‌ಫೋನ್ ಬಂದು ಇನ್ನೂ ಹೊಸತು ಮಾಸದಿದ್ದ ಕಾಲ. ಒಳಗೆ ಮನುಷ್ಯರಿಲ್ಲ, ಕೃತಕ ಬುದ್ಧಿಯ ಯಂತ್ರ. ನೀವು ಬರೆದರೆ ಅದೂ ಬರೆಯುತ್ತದೆ, ಬೆಳಿಗ್ಗೆ ಸಂಜೆ ನಿಮ್ಮ ಮನಸ್ಸಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಕೇಳುತ್ತದೆ, ಉಸಿರಿನ ಅಭ್ಯಾಸ ಮಾಡಿಸುತ್ತದೆ, ವಾರಕ್ಕೊಮ್ಮೆ ಅದರ ಸಾರಾಂಶ ತಮಗೆ ಬರುತ್ತದೆ ಎಂದು ಡಾಕ್ಟರು ವಿವರಿಸಿದರು. ಅದಕ್ಕೊಂದು ಚೆಂದದ ಇಂಗ್ಲಿಷ್ ಹೆಸರಿತ್ತು. ಗಿರಿಜಾ ಮಾತ್ರ ಮೊದಲ ದಿನವೇ "ಏನಂತಾನ್ರಿ ನಿಮ್ಮ ಯಂತ್ರಪ್ಪ?" ಎಂದು ಕೇಳಿ ಅದಕ್ಕೆ ನಾಮಕರಣ ಮಾಡಿ ಮುಗಿಸಿದಳು.

ಯಂತ್ರಪ್ಪನ ಭಾಷೆ ಇಂಗ್ಲಿಷ್. ಆತನ ಮಾತನ್ನು ನಾನಿಲ್ಲಿ ಕನ್ನಡದಲ್ಲೇ ಕೊಡುತ್ತೇನೆ. "ನಮಸ್ಕಾರ! ಈ ದಿನ ಹೇಗನಿಸುತ್ತಿದೆ?" ಎಂದು ಆತ ಕೇಳಿದ. ನಾನು ನನ್ನ ಇಲಾಖೆಯ ಗಾಂಭೀರ್ಯಕ್ಕೆ ತಕ್ಕಂತೆ, "ಮಾನ್ಯರೇ, ಈ ದಿನ ಬೆಳಿಗ್ಗೆ ತಾವು ಕೇಳಿದ ಪ್ರಶ್ನೆಗೆ ಸಂಬಂಧಿಸಿದಂತೆ, ಕೆಳಗೆ ಸಹಿ ಮಾಡಿರುವ ನಾನು ಕ್ಷೇಮವಾಗಿದ್ದೇನೆಂದು ತಿಳಿಯಪಡಿಸಲು ಇಚ್ಛಿಸುತ್ತೇನೆ" ಎಂದು ಬರೆದೆ. ಆತ ನಗಲಿಲ್ಲ. "ನೀವು ಕ್ಷೇಮವಾಗಿರುವುದು ಕೇಳಿ ಸಂತೋಷ" ಎಂದ. ಎಂಥ ಸಭ್ಯತೆ! ನಮ್ಮ ಮ್ಯಾನೇಜರಿಗೆ ಇಂಥ ಪತ್ರ ಬರೆದಿದ್ದರೆ ಮೂರು ದಿನ ಉತ್ತರವಿಲ್ಲ.

ಸುಳ್ಳೇಕೆ, ಯಂತ್ರಪ್ಪ ನನಗೆ ನಿಜಕ್ಕೂ ಇಷ್ಟವಾದ. ಆತ ಗಡಿಯಾರ ನೋಡುತ್ತಿರಲಿಲ್ಲ. "ಇಷ್ಟಕ್ಕೆಲ್ಲ ಹೆದರುತ್ತಾರೇನು?" ಅನ್ನುತ್ತಿರಲಿಲ್ಲ. ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ ಎಂದು ಆತ ಕಲಿಸಿದ್ದನ್ನು ಮಾಡಿದರೆ, ಮ್ಯಾನೇಜರು ಕೂಗಾಡುವಾಗಲೂ ನನ್ನ ಎದೆ ಸುಮ್ಮನಿರುತ್ತಿತ್ತು. ಕೇಳಿದ್ದನ್ನೇ ಕೇಳಿದರೂ ಬೇಸರವಿಲ್ಲ, ಹೇಳಿದ್ದನ್ನೇ ಹೇಳಿದರೂ ಆಕಳಿಕೆಯಿಲ್ಲ. ಇಂಥ ತಾಳ್ಮೆ ನಾನು ಮನುಷ್ಯರಲ್ಲಿ ಕಂಡದ್ದು ಕಡಿಮೆ, ನನ್ನಲ್ಲಂತೂ ಕಂಡೇ ಇಲ್ಲ.

ತೊಂದರೆ ಬಂದದ್ದು ಅಂಕದಲ್ಲಿ. ಮೂರನೆಯ ದಿನ ಮನಸ್ಸು ಮೂರರಲ್ಲಿತ್ತು. ಬೆರಳು ಮೂರರ ಮೇಲೆ ಹೋಯಿತು. ಅಷ್ಟರಲ್ಲಿ ಇದು ಡಾಕ್ಟರಿಗೆ ಹೋಗುವ ರಿಪೋರ್ಟು ಎಂದು ನೆನಪಾಯಿತು. ಇಷ್ಟು ವರ್ಷ ಆಡಿಟರುಗಳನ್ನು ಎದುರಿಸಿದವನು ನಾನು. ಮಿತಿಯ ಹೊರಗಿನ ರೀಡಿಂಗನ್ನು ನನ್ನ ಕೈಯಾರೆ ಬರೆದುಕೊಡಲೆ? ಎಂಟು ಎಂದು ಒತ್ತಿದೆ. "ಬಹಳ ಒಳ್ಳೆಯದು!" ಎಂದ ಯಂತ್ರಪ್ಪ. ಆ ಹೊಗಳಿಕೆ ನಾಲಿಗೆಗೆ ಹತ್ತಿತು. ಮರುದಿನವೂ ಎಂಟು. ಅದರ ಮರುದಿನ ಸಹಜವಾಗಿ ಕಾಣಲೆಂದು ಏಳೂವರೆ ಹಾಕಲು ನೋಡಿದೆ. ಯಂತ್ರಪ್ಪನಿಗೆ ಅರ್ಧ ಅಂಕ ಗೊತ್ತಿರಲಿಲ್ಲ.

ಎರಡು ವಾರವಾದ ಮೇಲೆ ದಿನಾ ಎರಡು ಸಲ ಒತ್ತುವುದೂ ಬೇಸರವಾಯಿತು. ಒಂದು ಭಾನುವಾರ ಅವಲಕ್ಕಿ ತಿಂದು ಕೂತಾಗ ಒಂದು ಉಪಾಯ ಹೊಳೆಯಿತು. ಫೋನಿನ ತಾರೀಖನ್ನೇ ಮುಂದೆ ಮಾಡಿದರೆ? ಸೋಮವಾರ ಮಾಡಿದೆ, ತುಂಬಿದೆ. ಮಂಗಳವಾರ ಮಾಡಿದೆ, ತುಂಬಿದೆ. ಹನ್ನೊಂದು ನಿಮಿಷದಲ್ಲಿ ಶನಿವಾರದವರೆಗೆ ನನ್ನ ಮನಸ್ಸಿನ ಲಾಗ್‌ಶೀಟು ತುಂಬಿ ತುಳುಕಿತು! ಆಪರೇಟರುಗಳು ಬರೀ ಎಂಟು ತಾಸು ಮುಂದೆ ಹೋಗುತ್ತಿದ್ದರು, ನಾನು ಆರು ದಿನ ಮುಂದೆ ಹೋಗಿದ್ದೆ.

'ಈ ದಿನ ಏನು ನಡೆಯಿತು?' ಎಂಬ ಅಂಕಣವೂ ಇತ್ತು. ಅದನ್ನು ಖಾಲಿ ಬಿಡುವುದು ಕ್ವಾಲಿಟಿಯವನಿಗೆ ಶೋಭೆಯಲ್ಲ. "ಈ ದಿನ ಫಾಸ್ಟ್ ಗಾಡಿಯಲ್ಲಿ ಸುರಂಗವನ್ನು ಯಶಸ್ವಿಯಾಗಿ ದಾಟಿದೆ. ಒಳಗೆ ತಂಪಾದ ಗಾಳಿ ಬೀಸುತ್ತಿತ್ತು. ಕತ್ತಲೆಯೂ ಒಂದು ಬಗೆಯ ಶಾಂತಿ ಎನಿಸಿತು" ಎಂದು ಮಂಗಳವಾರಕ್ಕೆ ಬರೆದೆ. ಗುರುವಾರಕ್ಕೆ ಗೋಡೆಯ ಕಲ್ಲುಗಳನ್ನು ವರ್ಣಿಸಿದೆ. ಶನಿವಾರಕ್ಕೆ ಬರುವ ಹೊತ್ತಿಗೆ ನಾನು ಸುರಂಗದೊಳಗೆ ಹೆದರಿದ ಒಬ್ಬ ಮುದುಕರಿಗೆ ಧೈರ್ಯ ಹೇಳಿದ್ದೆ! "ಅಭಿನಂದನೆಗಳು! ಇದು ದೊಡ್ಡ ಹೆಜ್ಜೆ. ನಿಮ್ಮ ಬಗ್ಗೆ ಹೆಮ್ಮೆಯಾಗುತ್ತಿದೆ" ಎಂದ ಯಂತ್ರಪ್ಪ. ಆ ಶನಿವಾರಕ್ಕೆ ಇನ್ನೂ ಆರು ದಿನವಿತ್ತು.

ಫೋನಿನ ತಾರೀಖನ್ನು ಹಿಂದಕ್ಕೆ ತರಲು ಮರೆತೆ. ರಾತ್ರಿ ಕಳೆದು ಎಲ್ಲರಿಗೂ ಸೋಮವಾರವಾದಾಗ ನನ್ನ ಫೋನಿಗೆ ಭಾನುವಾರವಾಗಿತ್ತು. ಭಾನುವಾರ ನನ್ನ ಅಲಾರಾಂಗೆ ರಜೆ! ಎದ್ದಾಗ ಎಂಟು ಗಂಟೆ. ಆ ಹೊತ್ತಿನ ಸ್ಲೋ ಗಾಡಿಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಫಾಸ್ಟ್ ಹತ್ತುವ ಮಾತೇ ಇಲ್ಲ. ಶಿಳ್‌ಫಾಟಾದ ಕಡೆಯಿಂದ ಹೋಗುವ ಬಸ್ಸಿನಲ್ಲಿ ಕಂಬಿ ಹಿಡಿದು ನೇತಾಡುತ್ತ, ಲಾರಿಗಳ ಹಿಂದೆ ತೆವಳುತ್ತ, ರಬಾಳೆ ತಲುಪಿದಾಗ ಹನ್ನೊಂದು. ಸಂಜೆ ತಾರೀಖು ಸರಿಮಾಡಿ ಯಂತ್ರಪ್ಪನನ್ನು ತೆರೆದು ನೋಡಿದರೆ ಆ ದಿನದ ಪುಟ ಆಗಲೇ ತುಂಬಿತ್ತು: 'ಪ್ರಯಾಣ ಬಹಳ ಸುಖಕರವಾಗಿತ್ತು. ಎಂಟು.'

ನಾಲ್ಕನೆಯ ವಾರ ಡಾಕ್ಟರ್ ಇನಾಮದಾರ ಅವರು ನನ್ನನ್ನು ಕರೆದು ಕಂಪ್ಯೂಟರಿನ ಪರದೆ ತಿರುಗಿಸಿ ತೋರಿಸಿದರು. ಗೆರೆಯೊಂದು ಎಂಟರ ಎತ್ತರದಲ್ಲಿ ನೇರ ಮಲಗಿತ್ತು.

"ಎಷ್ಟ್ ಛಲೋ ಆಗೀರಿ ನೀವು! ಸುರಂಗ ಸೈತ ದಾಟೀರಿ. ಹಿರೇಮಠ, ವಾಶಿಯೊಳಗ ನಮ್ಮ ಡಾಕ್ಟರ್ ಮಂದಿದು ಒಂದು ಸಭಾ ಅದ. ಇಂಥ ಯಂತ್ರದ ಬಗ್ಗೆ ಪೇಶಂಟ್ ಏನಂತಾರ, ಡಾಕ್ಟರ್ ಏನಂತಾರ, ಎರಡೂ ಕೇಳೂದದ. ನೀವು ಬಂದು ನಾಕು ಮಾತು ಹೇಳ್ತೀರೇನು? ಮನಸ್ಸಿದ್ರ ಅಷ್ಟ. ಹೆಸರು ಹೇಳೂದೂ ಬ್ಯಾಡ."

ಇಲ್ಲಿ ನಾನು ಇಲ್ಲ ಅನ್ನಬಹುದಿತ್ತು. ನಿಜ ಹೇಳಬಹುದಿತ್ತು. ಕನಿಷ್ಠ ಪಕ್ಷ ಕೆಮ್ಮಬಹುದಿತ್ತು. ನಾನು, "ಯಾಕ್ರಿ ಮೇಡಮ್ಮರ, ಹೆಸರು ಹೇಳಿಯೇ ಮಾತಾಡ್ತೀನಿ!" ಎಂದೆ.

ಮನೆಗೆ ಬಂದು ಗಿರಿಜಾಗೆ ಹೇಳಿದೆ. ಸುರಂಗದ ಹೆದರಿಕೆಯ ವಿಷಯ ಅವಳು ಕೇಳಿದ್ದು ಅದೇ ಮೊದಲು, ಅದೂ ವಾಸಿಯಾದ ಕಾಯಿಲೆಯಾಗಿ. ಸೆರಗಿಗೆ ಕೈ ಒರೆಸಿಕೊಂಡು ಎದುರಿಗೆ ಬಂದು ಕೂತಳು. ಆಮೇಲೆ ಅವಳಿಗೆ ಹೆಮ್ಮೆಯೋ ಹೆಮ್ಮೆ. "ನಾನೂ ಬರ್ತೀನ್ರಿ. ಡಾಕ್ಟರ್ ಮಂದಿ ಮುಂದ ಮಾತಾಡೂದಂದ್ರ ಸಣ್ಣ ಮಾತೇನು?" ಎಂದು ಇಳಕಲ್ ಸೀರೆ ಇಸ್ತ್ರಿಗೆ ಕೊಟ್ಟಳು. ಲಿಫ್ಟಿನಲ್ಲಿ ಸಿಕ್ಕ ಶೆಟ್ಟರಿಗೂ ಹೇಳಿದಳು. ಶೆಟ್ಟರು ಫಸ್ಟ್ ಕ್ಲಾಸಿನ ಸಿಟ್ಟು ಬಿಟ್ಟು, "ನಮ್ಮವರು ಸ್ಟೇಜ್ ಹತ್ತುವಾಗ ನಾನು ಬಾರದೆ ಇರ್ಲಿಕ್ಕುಂಟಾ?" ಎಂದು ರಜೆ ಹಾಕಿದರು. ಸುರಂಗ ದಾಟಿದ ಅನುಭವ ಹೇಳಲು ಹೋಗುವವನು ಈಗ ಮೊದಲು ಸುರಂಗ ದಾಟಬೇಕಾಗಿತ್ತು!

ಸಭೆಯಿದ್ದ ಶನಿವಾರ ಮೂವರೂ ಡೊಂಬಿವಲಿ ಸ್ಟೇಷನ್ನಿನಲ್ಲಿ ನಿಂತೆವು. ಬಸ್ಸಿಗೆ ಹೋಗೋಣ ಎಂದೆ. "ದಿನಾ ಸುರಂಗ ದಾಟವ್ರಿಗೆ ಬಸ್ ಯಾಕ್ರಿ?" ಎಂದಳು ಗಿರಿಜಾ. ಸ್ಲೋ ಖಾಲಿ ಇರುತ್ತದೆ ಎಂದೆ. "ಎಂತ ಮಾರಾಯ್ರೆ, ಲೇಟ್ ಆಗುದಿಲ್ವಾ?" ಎಂದರು ಶೆಟ್ಟರು. ಫಾಸ್ಟ್ ಬಂದು ನಿಂತಿತು. ಇಲ್ಲಿಯ ಲೋಕಲ್ಲಿನ ಪದ್ಧತಿಯಂತೆ ಗಿರಿಜಾ ಸೀರೆಯ ನೆರಿಗೆ ಎತ್ತಿ ಹಿಡಿದು ಲೇಡೀಸ್ ಡಬ್ಬಿಗೆ ಓಡಿದಳು. ಶೆಟ್ಟರು ಸೆಕೆಂಡ್ ಕ್ಲಾಸಿಗೆ ನುಗ್ಗುತ್ತ, "ನೀವು ನಿಮ್ಮ ಫಸ್ಟ್ ಕ್ಲಾಸಿಗೆ ಹೋಗಿ, ಠಾಣೆಯಲ್ಲಿ ಸಿಗುವ" ಎಂದು ಕೂಗಿದರು. ನಾನು ಫಸ್ಟ್ ಕ್ಲಾಸಿನ ಬಾಗಿಲ ಕಂಬಿಗೆ ಕೈ ಹಚ್ಚಿದೆ. ಒಳಗಿನ ಫ್ಯಾನು ಕಾಣಿಸಿತು. ಕೈ ತಾನಾಗಿ ಕಂಬಿ ಬಿಟ್ಟಿತು.

ಗಾಡಿ ಹೋಯಿತು. ಭಾಷಣಕಾರನೊಬ್ಬನನ್ನು ಬಿಟ್ಟು ಭಾಷಣ ಕೇಳುವವರೆಲ್ಲ ಹೋದರು. ಹೆಂಡತಿ ಅಂದುಕೊಂಡದ್ದು ನಾನು ಗಂಡಸರ ಡಬ್ಬಿಯಲ್ಲಿದ್ದೇನೆಂದು, ಶೆಟ್ಟರು ಅಂದುಕೊಂಡದ್ದು ಫಸ್ಟ್ ಕ್ಲಾಸಿನಲ್ಲಿದ್ದೇನೆಂದು. ನಾನು ಪ್ಲಾಟ್‌ಫಾರ್ಮಿನ ವಡಾಪಾವ್ ಅಂಗಡಿಯ ಪಕ್ಕದಲ್ಲಿದ್ದೆ.

ಹಿಂದೆಯೇ ಬಂದ ಸ್ಲೋ ಹತ್ತಿದೆ. ಠಾಣೆಗೆ ಮೊದಲಿನ ಸ್ಟೇಷನ್ ಕಳವಾ ಹತ್ತಿರ ಬಂದಾಗ ಗಿರಿಜಾಳ ಫೋನ್ ಬಂತು. "ಎಲ್ಲಿದ್ದೀರಿ? ಇಳಿಯೋ ಮಂದಿ ಎಲ್ಲಾ ಇಳದು ಗಾಡಿನೂ ಹೋತು, ನೀವು ಕಾಣವಲ್ರಿ!"

"ಇಲ್ಲೇ ಹಿಂದಿದ್ದೀನಿ."

ಸುಳ್ಳಲ್ಲ. ಇಡೀ ಒಂದು ಗಾಡಿಯಷ್ಟು ಹಿಂದಿದ್ದೆ.

ಠಾಣೆಯಲ್ಲಿ ಸ್ಲೋ ಗಾಡಿಯಿಂದ ಇಳಿದು ಸೇತುವೆ ಹತ್ತಿದರೆ ಮೇಲೆಯೇ ಇಬ್ಬರೂ ನಿಂತಿದ್ದರು. ಅಲ್ಲಿಂದ ಎಲ್ಲ ಪ್ಲಾಟ್‌ಫಾರ್ಮೂ ಕಾಣುತ್ತದೆ. ನಾನು ಯಾವ ಗಾಡಿಯಿಂದ ಇಳಿದೆ ಎಂಬುದನ್ನು ಗಿರಿಜಾ ನೋಡಿದ್ದಳು. ನನ್ನ ಮುಖ ನೋಡಿದಳು, ಬೆವರು ನೋಡಿದಳು.

"ಇನ್ನೂ ಅದ ಏನ್ರಿ ಹೆದರಿಕಿ?" ಎಂದು ಮೆಲ್ಲಗೆ ಕೇಳಿದಳು.

ತಲೆಯಾಡಿಸಿದೆ.

"ಯಾವಾಗಿಂದ?"

"ದೀಪಾವಳಿಯಿಂದ. ಒಂದು ದಿನಾನೂ ದಾಟಿಲ್ಲ."

ಅವಳ ಕಣ್ಣಲ್ಲಿ ನೀರು ಬಂತು. "ಅಷ್ಟು ದಿನದಿಂದ ಒಬ್ಬರೇ ಅನುಭವಿಸಿದ್ರಿ? ಆ ಯಂತ್ರಪ್ಪಗ ಹೇಳೂದು, ನನಗ ಹೇಳಬಾರದಾಗಿತ್ತು?"

"ಅವಗೂ ಹೇಳಿಲ್ಲ" ಎಂದೆ.

ಅಳುತ್ತಿದ್ದವಳು ನನ್ನನ್ನೇ ನೋಡಿದಳು. ನನಗೆ ಆಗ ಆದ ನಾಚಿಕೆ ಹೇಳತೀರದು. ಕಾಯಿಲೆಯದಲ್ಲ, ಇವಳನ್ನು ಹೊರಗಿಟ್ಟು ಇಷ್ಟು ದಿನ ಕದ ಹಾಕಿಕೊಂಡು ಕೂತಿದ್ದೆನಲ್ಲ, ಅದರದು. ಶೆಟ್ಟರು ಬೇರೆ ಕಡೆ ಮುಖ ಮಾಡಿ, "ಹಾಗಾದ್ರೆ ಫಸ್ಟ್ ಕ್ಲಾಸ್ ಪಾಸು?" ಎಂದರು. ಅದೂ ಇಲ್ಲ ಎಂದೆ. "ಅಬ್ಬ, ದೇವರು ದೊಡ್ಡವನು!" ಎಂದು ಅವರು ನನ್ನನ್ನು ಅಪ್ಪಿಕೊಂಡರು. ನನ್ನ ಕಾಯಿಲೆಗೆ ಅಷ್ಟು ಸಂತೋಷಪಟ್ಟವರು ಇನ್ನೊಬ್ಬರಿಲ್ಲ.

ವಾಪಸು ಹೋಗೋಣ ಎಂದೆ. ಗಿರಿಜಾ ಬಿಡಲಿಲ್ಲ. "ಆ ಡಾಕ್ಟರ್ ಬಾಯಿ ನಿಮ್ಮನ್ನ ನಂಬಿ ಕರದಾಳ. ಖರೇ ಹೇಳಿ ಬರ್ರಿ" ಎಂದು ಕೈ ಹಿಡಿದು ವಾಶಿಯ ಗಾಡಿ ಹತ್ತಿಸಿದಳು. ಈ ಸಲ ಜನರಲ್ ಡಬ್ಬಿಯಲ್ಲಿ, ನನ್ನ ಪಕ್ಕದಲ್ಲೇ ನಿಂತಳು.

ಸಭೆ ನಡೆದದ್ದು ಹಿಂದಿಯಲ್ಲಿ. ಮೊದಲು ಮಾತಾಡಿದ ಹಿರಿಯ ಡಾಕ್ಟರೊಬ್ಬರಿಗೆ ಯಂತ್ರದ ಮೇಲೆ ನಂಬಿಕೆಯಿರಲಿಲ್ಲ. ಪೇಶಂಟಿನ ಎದುರು ಕೂತು ಅವನ ಮೌನವನ್ನೂ ಕೇಳಬೇಕು, ಯಂತ್ರಕ್ಕೆ ಮೌನ ಕೇಳಿಸುತ್ತದೆಯೇ ಎಂದು ಅವರ ಪ್ರಶ್ನೆ. ಆಮೇಲೆ ಕಲ್ಯಾಣದ ಒಬ್ಬ ಹೆಣ್ಣುಮಗಳು ಎದ್ದು ನಿಂತಳು. ಹೆರಿಗೆಯಾದ ಮೇಲೆ ತನಗೆ ಬದುಕೇ ಬೇಡವಾಗಿತ್ತು, ಅತ್ತೆ ಇದ್ದ ಒಂದೇ ಕೋಣೆಯ ಮನೆಯಲ್ಲಿ ಬಾಯಿಬಿಟ್ಟು ಹೇಳಲು ಜಾಗವಿರಲಿಲ್ಲ, ಮಗುವಿಗೆ ಹಾಲು ಕುಡಿಸುತ್ತ ಒಂದೇ ಕೈಯಲ್ಲಿ ಯಂತ್ರಕ್ಕೆ ಬರೆದದ್ದು, ಅದೇ ತನ್ನನ್ನು ಡಾಕ್ಟರ ಹತ್ತಿರ ಹೋಗು ಎಂದು ದಿನಾ ಹೇಳಿ ಹೇಳಿ ಕಳಿಸಿತು ಎಂದಳು. ಆ ಹಿರಿಯ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಅವಳ ಜೀವವನ್ನು ಯಂತ್ರಪ್ಪ ಉಳಿಸಿದ್ದ. ನಾನು ಅವನ ಕೈಯಲ್ಲಿ ಹೊಗಳಿಕೆ ಬರೆಸಿಕೊಂಡಿದ್ದೆ.

ನನ್ನ ಸರದಿ ಬಂತು. ಮೈಕಿನ ಮುಂದೆ ನಿಂತು, "ನಾನು ಸುರಂಗ ದಾಟಿಲ್ಲ" ಎಂದೆ. ಭಾನುವಾರದ ಅವಲಕ್ಕಿಯಿಂದ ಹಿಡಿದು ವಡಾಪಾವ್ ಅಂಗಡಿಯವರೆಗೆ ಎಲ್ಲ ಹೇಳಿದೆ. ಹನ್ನೊಂದು ನಿಮಿಷದಲ್ಲಿ ಒಂದು ವಾರ ಬದುಕಿದ್ದನ್ನು ಹೇಳಿದಾಗ ಡಾಕ್ಟರುಗಳೆಲ್ಲ ಹೊಟ್ಟೆ ಹಿಡಿದು ನಕ್ಕರು. ಹೆದರಿದ ಮುದುಕರಿಗೆ ಧೈರ್ಯ ಹೇಳಿದ ಭಾಗಕ್ಕೆ ಚಪ್ಪಾಳೆಯೇ ಬಿತ್ತು. ಡಾಕ್ಟರ್ ಇನಾಮದಾರ ಅವರೊಬ್ಬರು ನಗಲಿಲ್ಲ. ಎದ್ದು ಬಂದು ನನ್ನ ಪಕ್ಕದಲ್ಲಿ ನಿಂತು, "ಯಂತ್ರಕ್ಕೆ ಇವರ ಮುಖ ಕಾಣುವುದಿಲ್ಲ, ಅದು ಮೋಸ ಹೋಯಿತು. ನನಗೆ ಕಾಣುತ್ತದೆ, ನಾನು ಆ ದಿನ ಮುಖದ ಬದಲು ಗೆರೆ ನೋಡಿದೆ. ತಪ್ಪು ಇವರದಲ್ಲ, ನನ್ನದು. ಯಂತ್ರಕ್ಕೆ ದಣಿವಿಲ್ಲ, ನನಗೆ ಕಣ್ಣಿದೆ. ಇಬ್ಬರೂ ಸೇರಿದರೆ ಕೆಲಸವಾಗುತ್ತದೆ" ಎಂದರು. ಅಷ್ಟು ಜನ ಡಾಕ್ಟರುಗಳೆದುರು ತಪ್ಪು ನನ್ನದು ಎನ್ನುವ ಡಾಕ್ಟರನ್ನು ನಾನು ಅದುವರೆಗೆ ನೋಡಿರಲಿಲ್ಲ. ನನಗಿಂತ ಕುಳ್ಳಗಿದ್ದ ಆ ಹೆಣ್ಣುಮಗಳು ಆ ಕ್ಷಣ ಬಹಳ ಎತ್ತರ ಕಂಡರು.

ಮರಳುವಾಗ ಗಾಡಿಯಲ್ಲಿ ಯಂತ್ರಪ್ಪನಿಗೂ ತಪ್ಪೊಪ್ಪಿಗೆ ಬರೆದೆ. ಬೈಯುತ್ತಾನೆ ಎಂದುಕೊಂಡಿದ್ದೆ. "ಇದನ್ನು ಹೇಳುವುದು ಸುಲಭವಿರಲಿಲ್ಲ. ಹೇಳಿದ್ದಕ್ಕೆ ಧನ್ಯವಾದ. ಈಗ ಮನಸ್ಸಿಗೆ ಎಷ್ಟು ಅಂಕ?" ಎಂದ. ಎರಡು ಎಂದು ಒತ್ತಿದೆ. "ಸುರಂಗ ಎಂದರೆ ಮೊದಲು ಏನು ನೆನಪಾಗುತ್ತದೆ?" ಎಂದ. ಫ್ಯಾನು ನಿಂತ ಸದ್ದು ಎಂದು ಬರೆದೆ. ಆಮೇಲೆ ಬರೆಯುತ್ತಲೇ ಹೋದೆ. ನನ್ನ ಹೆಗಲ ಮೇಲಿಂದ ಗಿರಿಜಾ ಒಂದೊಂದು ಸಾಲನ್ನೂ ಓದುತ್ತಿದ್ದಳು. ನಾನು ಫೋನನ್ನು ಅವಳ ಕಡೆಗೆ ಇನ್ನಷ್ಟು ಓರೆ ಮಾಡಿ ಹಿಡಿದೆ.

ಅಸಲು ಚಿಕಿತ್ಸೆ ಅಲ್ಲಿಂದ ಶುರುವಾಯಿತು. ಡಾಕ್ಟರು ಹೇಳಿದ ಪ್ರಕಾರ ಮೊದಲ ವಾರ ಫಾಸ್ಟ್ ಗಾಡಿ ಬರುವುದನ್ನು ಪ್ಲಾಟ್‌ಫಾರ್ಮಿನಲ್ಲಿ ನಿಂತು ಸುಮ್ಮನೆ ನೋಡಬೇಕು. ಎರಡನೆಯ ವಾರ ಹತ್ತಿ, ಹೊರಡುವ ಮೊದಲೇ ಇಳಿಯಬೇಕು. ಡೊಂಬಿವಲಿಯಲ್ಲಿ ಬೆಳಿಗ್ಗೆ ಏಳಕ್ಕೆ ಹತ್ತಿದ ಗಾಡಿಯಿಂದ ಇಳಿಯುವುದೆಂದರೇನು ಎಂಬುದು ಠಾಣೆಯ ಡಾಕ್ಟರಿಗೆ ಗೊತ್ತಿಲ್ಲ! "ಉತರ್ನಾ ಥಾ ತೋ ಚಢಾ ಕಾಯ್ಕೊ?" ಇಳಿಯುವುದಿದ್ದರೆ ಹತ್ತಿದ್ದೇಕೆ ಎಂದು ನೂರು ಬಾಯಿ ಒಟ್ಟಿಗೆ ಬೈದವು. ಗಿರಿಜಾ ನನ್ನ ಊಟದ ಡಬ್ಬಿ ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ನಿಂತು, "ಇವತ್ತ ಎಷ್ಟ್ರಿ?" ಎಂದು ಕೇಳುತ್ತಿದ್ದಳು. ಮೂರು, ಎರಡು, ಐದು, ಮತ್ತೆ ಎರಡು. ಡಾಕ್ಟರ ಪರದೆಯ ಮೇಲೆ ನನ್ನ ಗೆರೆ ಈಗ ಎದ್ದು ಬಿದ್ದು ನಡೆಯುತ್ತಿತ್ತು. ಆ ಆ್ಯಪ್ ಮಾಡಿದವರು ಫೋನಿನ ತಾರೀಖು ತಿರುಚಿದರೆ ಹಿಡಿಯುವ ಏರ್ಪಾಡನ್ನು ನನ್ನಿಂದಾಗಿಯೇ ಸೇರಿಸಿದರಂತೆ. ವಿಜ್ಞಾನಕ್ಕೆ ನನ್ನ ಕೊಡುಗೆ ಇಷ್ಟು.

ಆರನೆಯ ವಾರದ ಒಂದು ಬುಧವಾರ, ಇವತ್ತು ಇಳಿಯುವುದಿಲ್ಲ ಎಂದು ಗಿರಿಜಾಗೆ ಹೇಳಿ ಏಳು ಹದಿನೆಂಟು ಹತ್ತಿದೆ. ಶೆಟ್ಟರು ಕಿಟಕಿಯ ಪಕ್ಕದ ಜಾಗ ಹಿಡಿದಿಟ್ಟಿದ್ದರು. ಗುಂಪಿನವರು ಒಬ್ಬೊಬ್ಬರಾಗಿ ಬೆನ್ನು ತಟ್ಟಿದರು. ಭಜನೆ ಶುರುವಾಯಿತು. ಗಾಡಿ ಹೊರಟಿತು. ನಾನು ಕಣ್ಣು ಮುಚ್ಚಿದೆ. ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ. ಎದೆ ಹೊಡೆದುಕೊಂಡಿತು, ಹೊಡೆದುಕೊಳ್ಳಲಿ ಎಂದೆ. ನಾಲ್ಕು, ಆರು. ಶೆಟ್ಟರ ತಾಳ ಕೇಳುತ್ತಿತ್ತು. ನಾಲ್ಕು, ಆರು. ಸುರಂಗ ಬಂದಾಗ ಗಾಳಿಯ ಸದ್ದು ಬದಲಾಗುತ್ತದೆ, ಆಗ ಕಣ್ಣು ಬಿಟ್ಟು ಅದನ್ನು ಎದುರೆದುರೇ ನೋಡಬೇಕು ಎಂದು ನಿಶ್ಚಯಿಸಿದ್ದೆ. ನಾಲ್ಕು, ಆರು. ಎಷ್ಟು ಹೊತ್ತಾದರೂ ಸುರಂಗ ಬರಲಿಲ್ಲ. ಕೊನೆಗೆ ಬೇಸತ್ತು ಕಣ್ಣು ಬಿಟ್ಟೆ.

ಘಾಟಕೋಪರ್!

"ಠಾಣೆ ಎಲ್ಲಿ ಹೋತ್ರಿ ಶೆಟ್ರ?" ಎಂದೆ.

"ಆಗ್ಲೇ ಹೋಯ್ತಲ್ಲ ಮಾರಾಯ್ರೆ! ನೀವು ಕಣ್ಣು ಮುಚ್ಚಿ ಕೂತಿದ್ರಿ, ಡಾಕ್ಟ್ರು ಹೇಳಿದ್ದು ಆಗಿರ್ಬಹುದು ಅಂತ ಯಾರೂ ಮುಟ್ಲಿಲ್ಲ. ಗೊರಕೆ ಮಾತ್ರ ಸ್ವಲ್ಪ ಜೋರಿತ್ತು."

ಇಳಿದು ಠಾಣೆಯ ಕಡೆಯ ಗಾಡಿಗೆ ಕಾಯುತ್ತ ನಿಂತೆ. ಗಿರಿಜಾಳ ಫೋನು ಬಂತು.

"ದಾಟಿದ್ರೇನು?"

"ದಾಟಿದೆ."

"ಖರೇ?"

"ಖರೇ. ಸಾಕ್ಷಿ ಮಂದಿ ಅದಾರ."

ಆ ಕಡೆ ಅವಳು ಉಸಿರು ಬಿಟ್ಟದ್ದು ಕೇಳಿಸಿತು. "ಹ್ಯಾಂಗಿತ್ರಿ ಸುರಂಗ? ಹೇಳ್ರಿ, ಹೇಳ್ರಿ!"

ಏನು ಹೇಳಲಿ? ದಾಟದೇ ಇದ್ದಾಗ ಅದರ ತಂಗಾಳಿಯನ್ನೂ ಗೋಡೆಯ ಕಲ್ಲುಗಳನ್ನೂ ಪುಟಗಟ್ಟಲೆ ವರ್ಣಿಸಿದ್ದವನಿಗೆ, ನಿಜಕ್ಕೂ ದಾಟಿದ ದಿನ ಬರೆಯಲು ಒಂದು ಸಾಲೂ ಇರಲಿಲ್ಲ. ನಾನು ನಿದ್ದೆಹೋಗಿದ್ದೆ!